ಕೆರೆಯದೆ ಉಳಿದ ನಾಲ್ಕನೆಯ ಕುಂಡ

ತಿಳವಳ್ಳಿಯ ಕೋಳಿಗಳು ಕೂಗಬೇಕಾದರೆ ಸಿದ್ದವ್ವನ ಅಪ್ಪಣೆ ಬೇಕು. ಅವು ಕಣ್ಣು ಬಿಡುವ ಮೊದಲೇ ಆಕೆ ಹಿರೇಕೆರೂರು ರಸ್ತೆಯ ನರ್ಸರಿಯ ಬೀಗ ತೆಗೆದು, ಹಿಂದಿನ ನೆರಳಿನ ಕೋಣೆ ಹೊಕ್ಕಿರುತ್ತಾಳೆ. ಕಪ್ಪೆಗೂ ನೆಗಡಿ ಹಿಡಿಸುವಷ್ಟು ತೇವದ ಕೋಣೆ ಅದು. ಕಟ್ಟೆಯ ಮೇಲೆ ಅಗಲಬಾಯಿಯ ನಾಲ್ಕು ಮಣ್ಣಿನ ಕುಂಡಗಳಿವೆ; ಮೂರು ಖಾಲಿ. ನಾಲ್ಕನೆಯದರ ಮೇಲೆ ಮುಚ್ಚಿದ ಗಾಜು ಸರಿಸಿ, ಕುದಿಸಿ ಆರಿಸಿದ ನೀರನ್ನು ಸ್ಪ್ರೇ ಬಾಟಲಿಯಿಂದ ಮಂಜಿನಂತೆ ಹರಡುತ್ತಾಳೆ. ಮತ್ತೆ ಮುಚ್ಚುತ್ತಾಳೆ. ಉಸಿರು ಬಿಡುವುದು ಆಮೇಲೆ.

ವಯಸ್ಸು ಐವತ್ತೆಂಟು ಅನ್ನುತ್ತಾಳೆ; ಹತ್ತು ವರ್ಷದಿಂದಲೂ ಐವತ್ತೆಂಟೇ. ಮದುವೆಯಾಗಿಲ್ಲ. ಶಿಗ್ಗಾಂವಿಯಲ್ಲಿದ್ದ ಒಬ್ಬಳೇ ಅಕ್ಕ ಮೂರು ವರ್ಷದ ಹಿಂದೆ ತೀರಿಕೊಂಡಳು. ದಿನಕ್ಕೆ ಸಾವಿರದ ಇನ್ನೂರು ಸಸಿಗೆ ನೀರು, ಇನ್ನೂರು ಚೀಲಕ್ಕೆ ಮಣ್ಣು. ಹದಿನೆಂಟು ವರ್ಷದಿಂದ ಇದೇ ಕೆಲಸ. ಗಿರಾಕಿಗಳು ಮುಂದಿನ ಗುಲಾಬಿಯ ಹತ್ತಿರ ನಿಂತು ಹಾಗೇ ಹೋಗುತ್ತಾರೆ. ಹಿಂದೊಬ್ಬಳು ಇದ್ದಾಳೆಂದು ಗೊತ್ತಾಗುವುದು ನೀರಿನ ಸಪ್ಪಳದಿಂದಷ್ಟೇ. "ಮಧ್ಯಾಹ್ನದ ತನಕ ನನ್ನ ಧ್ವನಿ ನಾನ ಕೇಳಿರಂಗಿಲ್ರಿ," ಎನ್ನುತ್ತಾಳೆ. "ಒಮ್ಮೊಮ್ಮಿ ಕೆಮ್ಮಿ ನೋಡ್ತೇನಿ, ಐತೋ ಇಲ್ಲೋ ಅಂತ."

ಕುಂಡದಲ್ಲಿರುವುದು ಜರಿಗಿಡ. ಮೊದಲು ಇದು ಆಕೆಯ ಓಣಿಯ ಹಳೆಯ ಬಾವಿಯ ಒಳಗೋಡೆಯಲ್ಲಿ ಬೆಳೆಯುತ್ತಿತ್ತು. ಎರಡು ವರ್ಷದ ಹಿಂದೆ ಬಾವಿಗೆ ಮಣ್ಣು ತುಂಬುವ ದಿನ ಸಿದ್ದವ್ವ ಹಗ್ಗ ಹಿಡಿದು ಇಳಿದಳು. ಬಂಗಾರವೇ ಸಿಕ್ಕಿತೇನೋ ಎಂದು ಊರಿಗೆ ಊರೇ ಬಗ್ಗಿ ನೋಡಿತು; ಆಕೆಯ ಕೈಯಲ್ಲಿ ಗಿಡ ಕಂಡು ಊಟಕ್ಕೆ ಹೋಯಿತು. ಗಿಡ ನರ್ಸರಿಯ ನೆರಳಿನ ಕೋಣೆ ಸೇರಿತು. ಈ ಬೇಸಿಗೆ ನರ್ಸರಿಯ ಮೋಟಾರು ಸುಟ್ಟು ಎಂಟು ದಿನ ನೀರಿರಲಿಲ್ಲ. ಅದೇ ವಾರ ಸಿದ್ದವ್ವ ಜ್ವರದಿಂದ ಮಲಗಿದ್ದಳು. ಎದ್ದು ಬಂದಾಗ ಗಿಡ ಸುಟ್ಟ ಹಪ್ಪಳವಾಗಿತ್ತು. ಉಳಿದದ್ದು ಒಂದು ಎಲೆ, ಅದರ ಬೆನ್ನಿಗೆ ಸಾಲಾಗಿ ಕಂದು ಚುಕ್ಕೆ.

ಜರಿಗಿಡಕ್ಕೆ ಹೂವಿಲ್ಲ, ಬೀಜವಿಲ್ಲ. ಚುಕ್ಕೆಯೊಳಗಿನ ಪುಡಿಯೇ ಅದರ ವಂಶ. ಕಾಗದದಲ್ಲಿ ಮಡಚಿಟ್ಟ ಆ ಎಲೆ ಎರಡು ದಿನಕ್ಕೆ ಉದುರಿಸಿದ ಪುಡಿಯಲ್ಲಿ ಇಡೀ ಹಾನಗಲ್ ತಾಲ್ಲೂಕಿನ ಮಂದಿಗಿಂತ ಹೆಚ್ಚು ಕಣಗಳಿದ್ದವು; ಒಂದು ಸೀನು ಬಂದಿದ್ದರೆ ಅಷ್ಟೂ ಮಾಯ. ಯುಗಾದಿಯ ಮರುದಿನ, ಕುದಿನೀರು ಹೊಯ್ದು ಆರಿಸಿದ ಮಣ್ಣಿನ ಮೇಲೆ, ಅದನ್ನು ನಾಲ್ಕೂ ಕುಂಡಗಳಿಗೆ ಹಂಚಿ ಉದುರಿಸಿದಳು. ಮೂರು ತಿಂಗಳು ಕಾದರೂ ಎಲೆ ಬರಲಿಲ್ಲ. ಮಣ್ಣಿಗಂಟಿದ ಹಸಿರು ಪೊರೆ ಮಾತ್ರ ಬಂತು.

ಮಣ್ಣೆತ್ತಿನ ಅಮಾವಾಸ್ಯೆಯ ಹಿಂದಿನ ದಿನ ಕುಂಡಗಳನ್ನೆಲ್ಲ ತೆಂಗಿನ ನಾರಿನಿಂದ ತಿಕ್ಕುವುದು ಸಿದ್ದವ್ವನ ಪದ್ಧತಿ. ಮಣ್ಣಿನ ಎತ್ತು ಪೂಜೆಗೆ ಕೂರುವಾಗ ಮಣ್ಣಿನ ಮೇಲೆ ಪಾಚಿ ಇರಬಾರದಂತೆ. ಈ ಸಲವೂ ಕೈ ತಾನಾಗಿ ಹೋಯಿತು. ಪುಡಿ ಮೊಳೆಯಲಿಲ್ಲ, ಪಾಚಿ ಕಟ್ಟಿತು ಎಂದುಕೊಂಡು ಮೂರು ಕುಂಡ ಕೆರೆದು ಚೆಲ್ಲಿದಳು. ನಾಲ್ಕನೆಯದಕ್ಕೆ ಕೈ ಹಾಕುವಷ್ಟರಲ್ಲಿ ತುಳಸಿ ಸಸಿ ಕೇಳಿಕೊಂಡು ಒಬ್ಬರು ಒಳಬಂದರು. ಹಾನಗಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ತನುಜಾ. ಅವರೇ ಆಕೆಯ ಕೈ ತಡೆದರು.

ಅದು ಪಾಚಿಯಲ್ಲ ಎಂದು ಅವರು ಭೂತಗನ್ನಡಿ ಹಿಡಿದು ತೋರಿಸಿದರು. ಸವಣೂರಿನ ವೀಳ್ಯದೆಲೆಯನ್ನು ಇರುವೆಯ ಅಳತೆಗೆ ಕುಗ್ಗಿಸಿದಂಥ ಹಸಿರು ಬಿಲ್ಲೆಗಳು. ಪುಡಿಯ ಒಂದು ಕಣ ಮೊಳೆತರೆ ಮೊದಲು ಆಗುವುದು ಈ ಬಿಲ್ಲೆ. ಅದರ ಅಡಿಯಲ್ಲಿ ಗಂಡೂ ಇದೆ, ಹೆಣ್ಣೂ ಇದೆ. ಗಂಡಿನ ಜೀವಕಣ ನೀರಿನಲ್ಲಿ ಈಜಿ ಹೋಗಿ ಹೆಣ್ಣನ್ನು ಸೇರಿದರೆ ಮಾತ್ರ ಎಲೆ ಬಿಡುವ ಗಿಡ ಹುಟ್ಟುತ್ತದೆ. ಅಡಿಯ ತೇವ ಸಾಲದು, ಮೇಲಿನಿಂದಲೂ ನೀರು ಹನಿಸಬೇಕು ಎಂದು ಹೇಳಿ, ಭೂತಗನ್ನಡಿಯನ್ನು ಅಲ್ಲೇ ಬಿಟ್ಟುಹೋದರು.

"ವರಾ ಈಜಿಕೊಂಡ ಬರಬೇಕಂತ್ರಿ," ಎಂದು ಸಿದ್ದವ್ವ ನಗುತ್ತಾಳೆ. "ಅದಕ್ಕ ನಮ್ಮ ಮನಿಗೆ ಯಾರೂ ಬರಲಿಲ್ಲ ನೋಡ್ರಿ. ನಮ್ಮ ಓಣ್ಯಾಗ ನಲ್ಲಿಗೇ ನೀರ ಬರಂಗಿಲ್ಲ." ನಗು ಮುಗಿದ ಮೇಲೆ ಖಾಲಿ ಕುಂಡಗಳ ಕಡೆ ನೋಡುತ್ತಾಳೆ. ಆ ಅಮಾವಾಸ್ಯೆಗೆ ಆಕೆ ಒಲೆ ಹಚ್ಚಲಿಲ್ಲ.

ಇತ್ತ ನರ್ಸರಿಯ ಮಾಲೀಕ ರುದ್ರೇಶನಿಗೆ ಚೆಂಡುಹೂವಿನ ಸಸಿ ಇಡಲು ಆ ಕಟ್ಟೆ ಬೇಕು. ನಾಗರ ಪಂಚಮಿಯೊಳಗೆ ಖಾಲಿ ಮಾಡಬೇಕೆಂದು ಹೇಳಿದ್ದಾನೆ. ಪಂಚಮಿಗೆ ಇನ್ನು ಮೂರು ದಿನ.

ಇಂದು ಬೆಳಗ್ಗೆ ಗಾಜು ಸರಿಸಿದವಳು ಮತ್ತೆ ಮುಚ್ಚುವುದೇ ಇಲ್ಲ. ಒಂದು ಬಿಲ್ಲೆಯ ಕಚ್ಚಿನಿಂದ ಎಳ್ಳಿನಷ್ಟು ಎಲೆಯೊಂದು ತಲೆ ಬಗ್ಗಿಸಿಕೊಂಡು ಎದ್ದಿದೆ. ಇಡೀ ಕುಂಡಕ್ಕೆ ಅದೊಂದೇ. ಹೇಳಿಕೊಳ್ಳಲು ಯಾರೂ ಇಲ್ಲ. ಎಂಟು ಗಂಟೆಗೆ ರುದ್ರೇಶ ಬರುವವರೆಗೆ ಆಕೆ ಅದರ ಮುಂದೆ ಕುಂತೇ ಇರುತ್ತಾಳೆ. ಅವನು ಬಂದು ಭೂತಗನ್ನಡಿಯಲ್ಲಿ ಬಹಳ ಹೊತ್ತು ಹುಡುಕುತ್ತಾನೆ.

"ಇಷ್ಟಕ್ಕ ಇಷ್ಟ ದೊಡ್ಡ ಕಟ್ಟಿ ಬೇಕೇನ, ಸಿದ್ದವ್ವ?"

"ನೀವ ಹುಟ್ಟಿದಾಗ ತೊಟ್ಟಲಾ ನಿಮಗಿಂತ ದೊಡ್ಡದ ಇತ್ತಲ್ರಿ, ಸಾವ್ಕಾರ್ರ."

ರುದ್ರೇಶ ನಕ್ಕು, ಚೆಂಡುಹೂವಿನ ಸಸಿಗಳನ್ನು ಬೇವಿನ ಮರದ ಕೆಳಗೆ ಇಡಿಸುತ್ತಾನೆ. ಮುಂದೆ ಗುಲಾಬಿಯ ಗಿರಾಕಿಗಳು ಬಂದಿದ್ದಾರೆ, ಹೊರಟುಹೋಗುತ್ತಾನೆ. ಸಿದ್ದವ್ವ ಗಾಜು ಮುಚ್ಚುತ್ತಾಳೆ. ಮುಂದೇನು ಆಸೆ ಎಂದು ಕೇಳಿದರೆ ಸ್ಪ್ರೇ ಬಾಟಲಿಗೆ ನೀರು ತುಂಬುತ್ತ ಹೇಳುತ್ತಾಳೆ.

"ಇದರ ಬೆನ್ನಿಗೂ ಚುಕ್ಕಿ ಬರ್ಲಿ. ಆಮ್ಯಾಲ ಓಣ್ಯಾಗ ಮನಿಗೊಂದ ಗಿಡಾ ಕೊಡ್ತೇನ್ರಿ. ನೀರ ಹಾಕೂದು ನಿಮಗ ತಿಳಿಯಂಗಿಲ್ಲ, ನಾನ ಬಂದ ಹಾಕ್ತೇನಿ ಅಂತ ಹೇಳ್ತೇನಿ. ಹಂಗಂದ್ರ ದಿನಾ ಅವರ ಬಾಗಲಾ ಬಡಿಬಹುದಲ್ರಿ."