ಕೂಗುವುದು ಗಂಡು ಜೀರುಂಡೆ

ಮೊನ್ನೆ ಕಂಬಳಿಯನ್ನು ಬಿಸಿಲಿಗೆ ಹಾಕೋಣವೆಂದು ಕೊಡವಿದರೆ ಮಡಿಕೆಯೊಳಗಿಂದ ಸತ್ತ ಜೀರುಂಡೆಯೊಂದು ಜಗಲಿಗೆ ಬಿತ್ತು. ನೀವಾಗಿದ್ದರೆ ಗುಡಿಸಿ ಎಸೆಯುತ್ತಿದ್ದಿರಿ. ನಾನು ಕನ್ನಡಕ ಏರಿಸಿಕೊಂಡು ಅದನ್ನು ಅಂಗೈ ಮೇಲೆ ಹೊರಳಿಸಿ ನೋಡಿದೆ. ಹಿಂಬದಿಯ ಎರಡು ಕೂದಲೆಳೆಗಳ ನಡುವೆ ದಬ್ಬಣದಂಥ ಉದ್ದನೆಯ ಕೊಳವೆ. ಹೆಣ್ಣು. ಮಣ್ಣಿನೊಳಗೆ ಮೊಟ್ಟೆ ಊರಲು ಅದಕ್ಕೆ ಆ ದಬ್ಬಣ ಬೇಕು. ಹೆಣ್ಣು ಕೂಗುವುದಿಲ್ಲ. ಇಷ್ಟನ್ನು ಹೇಳಲು ನನಗೆ ಅರೆಗಳಿಗೆಯೂ ಬೇಡ. ಒಂದು ಕಾಲದಲ್ಲಿ ನಾಲ್ಕು ದಿನ ನಾನು ಬೇರೆ ಕೆಲಸವನ್ನೇ ಮಾಡಿರಲಿಲ್ಲ.

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ ಅದು. ಮದ್ದೂರಿನಿಂದ ಮಂಡ್ಯದ ಕಡೆಗೆ ನಾಲ್ಕು ಮೈಲಿ ನಮ್ಮೂರು. ನಾಲೆ ಬಂದ ಮೇಲೆ ಕಬ್ಬು ಬಂತು, ಭತ್ತ ಬಂತು, ನಿಂತ ನೀರಿಗೆ ಸೊಳ್ಳೆ ಬಂತು, ಮನೆಮನೆಗೂ ಚಳಿಜ್ವರ ಬಂತು. ನನಗಾಗ ಇಪ್ಪತ್ತು. ಹೈಸ್ಕೂಲು ಮುಗಿಸಿ, ಸಕ್ಕರೆ ಕಾರ್ಖಾನೆಯಲ್ಲಿ ಗುಮಾಸ್ತೆಯ ಕೆಲಸ ಸಿಕ್ಕೇ ಸಿಗುತ್ತದೆಂದು ಇಸ್ತ್ರಿ ಷರಟು ತೊಟ್ಟು ಮನೆಯಲ್ಲೇ ಕೂತಿದ್ದೆ. ಊರಿಗೆಲ್ಲ ಸೈನ್ಸು ಓದಿದವನು ನಾನೊಬ್ಬನೇ. ಆ ಜಂಬ ನೆನೆದರೆ ಈಗ ನಗು ಬರಬೇಕು. ಬರುವುದಿಲ್ಲ.

ಅಕ್ಕ ಜಯಮ್ಮ ಹಲಗೂರಿನ ಗಂಡನ ಮನೆಯಿಂದ ಬಾಣಂತನಕ್ಕೆ ಬಂದಿದ್ದಳು. ಹೆಣ್ಣುಕೂಸಿಗೆ ಮೂರು ತಿಂಗಳು ತುಂಬಿತ್ತು. ಬರುವ ಸೋಮವಾರ ಭಾವ ಬಂದು ಕರೆದುಕೊಂಡು ಹೋಗುವುದೆಂದಾಗಿತ್ತು. ಅಷ್ಟರಲ್ಲಿ ಅಕ್ಕನಿಗೆ ಜ್ವರ ಹಿಡಿಯಿತು. ಎಷ್ಟು ಹೊದಿಸಿದರೂ ಹಲ್ಲು ಕಟಕಟಗುಟ್ಟುತ್ತಿದ್ದವು. ಮದ್ದೂರಿನ ಡಾಕ್ಟರು ಹತ್ತು ದಿನಕ್ಕಾಗುವಷ್ಟು ಕ್ವಿನೈನ್ ಮಾತ್ರೆ ಕೊಟ್ಟು, ಬೆಳಿಗ್ಗೆ ಒಂದು, ಸಂಜೆ ಒಂದು ಎಂದರು. ದಿನಕ್ಕೆ ಎರಡರಂತೆ ಹತ್ತು ದಿನಕ್ಕೆ ವಾಸಿಯಾಗುವುದಾದರೆ ನಾಲ್ಕರಂತೆ ಕೊಟ್ಟರೆ ಐದೇ ದಿನ ಸಾಕು, ಸೋಮವಾರ ಅಕ್ಕ ನೆಟ್ಟಗೆ ಗಾಡಿ ಹತ್ತಬಹುದು ಎಂದುಕೊಂಡೆ. ಯಾರನ್ನೂ ಕೇಳಲಿಲ್ಲ. ಯಾರಿಗೂ ಹೇಳಲಿಲ್ಲ.

ಎರಡನೆಯ ದಿನ ಮಟಮಟ ಮಧ್ಯಾಹ್ನ ಅಕ್ಕ ಕರೆದಳು. “ಲೋ, ಗ್ವಾಡೆ ಸಂದೀಲಿ ಜೀರುಂಡೆ ಕೂಗ್ತಾ ಅದೆ ಕಣ್ಲಾ. ತಗ್ದು ಎಸಿಯೋ, ತಲೆ ಸೀಳೋಯ್ತದೆ.”

ನನಗೇನೂ ಕೇಳಿಸಲಿಲ್ಲ. ಆದರೆ ಮನುಷ್ಯರ ಹೆಜ್ಜೆ ಹತ್ತಿರ ಬಂದರೆ ಸುಮ್ಮನಾಗಿಬಿಡುವುದು ಜೀರುಂಡೆಯ ಗುಣ. ಹಾಗೆಂದೇ ನಂಬಿ ರಾಗಿಮೂಟೆ ಸರಿಸಿ, ಸೌದೆ ಇಳಿಸಿ ಹುಡುಕಿದೆ. ಸಿಕ್ಕಿತು. ಎಣ್ಣೆ ಸವರಿದಂಥ ಕರಿ ಮೈ, ದುಂಡು ತಲೆ, ಮೈಗಿಂತ ಉದ್ದದ ಮೀಸೆ, ಮುಳ್ಳುಮುಳ್ಳು ಹಿಂಗಾಲು. ದಬ್ಬಣವಿತ್ತು. “ಇದು ಹೆಣ್ಣು, ಇದಲ್ಲ” ಎಂದು ಬಿಟ್ಟುಬಿಟ್ಟೆ. ಗಂಡಿಗೆ ದಬ್ಬಣವಿರುವುದಿಲ್ಲ, ರೆಕ್ಕೆ ಸುಕ್ಕುಸುಕ್ಕಾಗಿರುತ್ತದೆ, ಒಂದು ರೆಕ್ಕೆಯ ಗರಗಸದಂಥ ನರವನ್ನು ಇನ್ನೊಂದಕ್ಕೆ ಉಜ್ಜಿ ಕೂಗುತ್ತದೆ, ಅದರ ಕಿವಿ ಇರುವುದು ಮುಂಗಾಲಿನಲ್ಲಿ ಎಂದೆಲ್ಲ ಹಾಸಿಗೆಯ ಪಕ್ಕ ಕೂತು ಪಾಠ ಮಾಡಿದೆ. ಆ ಜ್ವರದಲ್ಲೂ ಅಕ್ಕ ನಕ್ಕಳು. “ಕಾಲ್ನಲ್ಲಿ ಕಿವಿಯಾ? ಬುರುಡೆ ಬುಡ್ಬ್ಯಾಡ ಓಗ್ಲಾ.”

ನಾಲ್ಕು ದಿನದಲ್ಲಿ ಆರು ಗಂಡು ಹಿಡಿದು ಕೊಂದೆ. ಪ್ರತಿ ಸಲವೂ ರೆಕ್ಕೆ ನೋಡಿ, ಬಾಲ ನೋಡಿ, ಗಂಡೇ ಎಂದು ಖಾತ್ರಿ ಮಾಡಿಕೊಂಡೇ ಕೊಂದೆ. “ಓಯ್ತಾ ಅಕ್ಕ?” ಎಂದು ಕೇಳಿದರೆ, “ಇಲ್ಲ ಕಣ್ಲಾ, ಈಗ ಇನ್ನೂ ಜಾಸ್ತಿ ಆಗವೆ” ಎನ್ನುತ್ತಿದ್ದಳು. ಆಮೇಲಾಮೇಲೆ ನಾನು ಕೇಳಿದ್ದಕ್ಕೆ “ಆಂ?” ಎನ್ನತೊಡಗಿದಳು. ಜ್ವರದ ಮಂಪರು ಎಂದುಕೊಂಡು ಮಧ್ಯಾಹ್ನದ ಮಾತ್ರೆಯನ್ನು ಬಾಯಿಗೆ ಹಾಕಿ ನೀರು ಕುಡಿಸಿದೆ.

ಭಾನುವಾರ ಜ್ವರ ಬಿಟ್ಟಿತು. ಅಕ್ಕ ಎದ್ದು ಬಾಗಿಲಲ್ಲಿ ಬಿಸಿಲು ಕಾಯಿಸುತ್ತ ತಲೆ ಬಾಚಿಕೊಳ್ಳುತ್ತಿದ್ದಳು. ನನ್ನ ಲೆಕ್ಕ ಸರಿಹೋಯಿತೆಂದು ನಾನು ಒಳಗೊಳಗೇ ಬೀಗುತ್ತ ಅಂಗಳದಲ್ಲಿ ನಿಂತಿದ್ದೆ. ಅವಳ ಬೆನ್ನ ಹಿಂದೆ, ಮೂರು ಮಾರು ದೂರದ ತೊಟ್ಟಿಲಲ್ಲಿ ಕೂಸು ಉಸಿರು ಕಟ್ಟುವ ಹಾಗೆ ಅಳತೊಡಗಿತು. ಹಿತ್ತಿಲಲ್ಲಿದ್ದ ಅವ್ವ ಓಡಿ ಬಂದಳು. “ಲೇ ಜಯ, ಕೂಸು ಅಂಗ್ ಕಿರುಚ್ತಾ ಅದೆ, ಕಲ್ಲಂಗ್ ಕುಂತಿದ್ದೀಯಲ್ಲೇ!”

ಅಕ್ಕ ತಿರುಗಲಿಲ್ಲ. ಅವ್ವನ ನೆರಳು ಮೈಮೇಲೆ ಬಿದ್ದಾಗ ತಲೆಯೆತ್ತಿ ನಕ್ಕು, “ಜೀರುಂಡೆ ಇನ್ನೂ ನಿಂತಿಲ್ಲ ಕಣವ್ವ” ಎಂದಳು.

ಮಾರನೆಯ ದಿನ ಭಾವನೂ ನಾನೂ ಅವಳನ್ನು ಮದ್ದೂರಿಗೆ ಕರೆದೊಯ್ದೆವು. ಡಾಕ್ಟರು ಅವಳ ಕಿವಿಯ ಹತ್ತಿರ ಚಪ್ಪಾಳೆ ತಟ್ಟಿ ನೋಡಿದರು. “ಈಕೆ ಕಿವಿಯಲ್ಲಿ ಸದ್ದು ಬರ್ತಿದೆ ಅಂದಿರಲಿಲ್ವೇನ್ರೀ? ಹಾಗಂದ ಕೂಡಲೇ ಮಾತ್ರೆ ನಿಲ್ಲಿಸಿ ಬರಬೇಕಾಗಿತ್ತು, ಕ್ವಿನೈನ್ ಹೆಚ್ಚಾದ್ರೆ ಕಿವಿ ಹೋಗುತ್ತೆ. ದಿನಕ್ಕೆ ಎಷ್ಟು ಕೊಟ್ರಿ?”

ಭಾವ ನನ್ನ ಪಕ್ಕದಲ್ಲೇ ಇದ್ದರು. “ತಾವು ಹೇಳಿದಷ್ಟೇ” ಎಂದೆ.

ಕಿವಿ ಮರಳಿ ಬರಬಹುದೆಂದು ಮೂರು ತಿಂಗಳು ಕಾದೆವು. ಬರಲಿಲ್ಲ. ಹಲಗೂರಿನಿಂದ ಅಕ್ಕನ ಅತ್ತೆ ಬಂದರು. ಕೆಟ್ಟವರಲ್ಲ. ಕಣ್ಣೊರೆಸಿಕೊಳ್ಳುತ್ತಲೇ ಅವ್ವನಿಗೆ ಹೇಳಿದರು: “ಕಿವಿ ಕೇಳ್ದೆ ಇರೋಳ್ ಮಗ್ಗುಲಲ್ಲಿ ಕೂಸ್ನ ಬುಟ್ಟು ನಾವೆಂಗ್ ಕಣ್ ಮುಚ್ಚದು, ನೀವೇ ಏಳಿ ಕಣಮ್ಮ.” ಭಾವ ನೆಲ ನೋಡುತ್ತ ನಿಂತಿದ್ದರು. ಗಾಡಿ ಹೊರಟಾಗ ಅಜ್ಜಿಯ ಹೆಗಲ ಮೇಲಿದ್ದ ಮಗಳ ಬಾಯಿ ಅಗಲವಾಗಿ ತೆರೆದಿದ್ದನ್ನು ಅಕ್ಕ ಕಣ್ಣಿಂದ ನೋಡಿದಳು, ಅಷ್ಟೆ. ವರ್ಷದೊಳಗೆ ಭಾವ ಇನ್ನೊಂದು ಮದುವೆಯಾದರು. ಆ ಮಗು ಬೇರೆಯವಳನ್ನು ಅವ್ವ ಎಂದು ಕರೆಯುತ್ತ ಬೆಳೆಯಿತು.

ಅಂದಿನಿಂದ ಅಕ್ಕ ನನ್ನ ಮನೆಯಲ್ಲೇ ಇದ್ದಾಳೆ. ತುಟಿ ನೋಡಿ ಮಾತು ತಿಳಿಯುವುದನ್ನು ತಾನಾಗಿಯೇ ಕಲಿತಳು.

ಮೊನ್ನೆ ಆ ಹುಳುವನ್ನು ಅಂಗಳಕ್ಕೆ ಎಸೆದು ಒಳಗೆ ಹೋದೆ. ಅಕ್ಕ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಎದುರಿಗೆ ಕೂತು, ಇಷ್ಟು ವರ್ಷ ಹೇಳದೆ ಇದ್ದುದನ್ನು ನಿಧಾನವಾಗಿ ಹೇಳಿದೆ: “ಅಕ್ಕ, ಡಾಕ್ಟ್ರು ದಿನಕ್ಕೆ ಎರಡು ಅಂದಿದ್ರು. ನಾನು ನಾಲ್ಕು ಕೊಟ್ಟೆ.”

ಅವಳು ನನ್ನ ತುಟಿಯಿಂದ ಕಣ್ಣು ತೆಗೆಯಲಿಲ್ಲ. “ನುಂಗ್ದೋಳು ನಾನು. ನಂಗ್ ಗೊತ್ತಿಲ್ವಾ?”

“ಮತ್ಯಾಕೆ ಯಾರಿಗೂ ಹೇಳ್ಲಿಲ್ಲ?”

“ಗಂಡ ಬುಟ್ಟ. ಕೂಸ್ನ ತಕ್ಕೊಂಡೋದ್ರು. ನಿನ್ ಮ್ಯಾಲೆ ದೂರೇಳಿದ್ರೆ ನಾನ್ ಯಾರ್ ಮನೇಲಿ ಇರ್ಲಿ?”

ನಾನು ಇನ್ನೇನೋ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅಕ್ಕ ಮುಖ ತಗ್ಗಿಸಿ ಮೊರದ ಅಕ್ಕಿಯನ್ನು ನೋಡತೊಡಗಿದ್ದಳು.