ಗೆರೆ ಮಾಸ್ಟ್ರು ಹೇಳಿದ ದೋಷ

ಮೂಡುಬಿದಿರೆಯ ಹಳಬರ ಮುಂದೆ ‘ಗೆರೆ ಮಾಸ್ಟ್ರು’ ಅಂದು ನೋಡಿ, ಮುಖ ಅರಳುತ್ತದೆ. ಹೆಸರು ಧರ್ಣಪ್ಪ. ಸಾವಿರದ ಒಂಬೈನೂರ ಐವತ್ತೆಂಟು, ಐವತ್ತೊಂಬತ್ತರ ಹೊತ್ತಿಗೆ ಬೆಳುವಾಯಿ ಕಡೆಯ ರಸ್ತೆಬದಿಯಲ್ಲಿದ್ದ ಹಂಚಿನ ಶಾಲೆಯೊಂದರಲ್ಲಿ ಎಂಟನೇ ತರಗತಿಗೆ ಲೆಕ್ಕ ಹೇಳಿಕೊಡುತ್ತಿದ್ದರು. ಬಿಳಿ ಪಂಚೆ, ಕಿಸೆಯಲ್ಲಿ ಮಸಿ ಸೋರುವ ಪೆನ್ನು, ಕೈಯಲ್ಲಿ ಸದಾ ಒಂದು ಅಡಿಕೋಲು. ಹೊಡೆಯುವುದಕ್ಕಲ್ಲ ಮಾರಾಯ್ರೆ, ಗೆರೆ ಎಳೆಯುವುದಕ್ಕೆ! ಆ ಕಾಲದಲ್ಲಿ ಹೊಡೆಯದ ಮಾಸ್ತರು ಸಿಗುವುದೇ ಕಷ್ಟವಾಗಿತ್ತು.

ಆಗ ಅವರಿಗೆ ಎಂ.ಎಡ್. ಹುಚ್ಚು. ಮೈಸೂರಿಗೆ ಹೋಗಿ ಓದಿ ಬಂದಿದ್ದರು, ಪ್ರಬಂಧವೊಂದು ಬಾಕಿ. ವಿಷಯ ಮನಶ್ಶಾಸ್ತ್ರ: ಜೂನ್ ತಿಂಗಳಲ್ಲಿ ಮಕ್ಕಳಿಗೆ ಕೊಡುವ ಬುದ್ಧಿಪರೀಕ್ಷೆಯ ಅಂಕ ನೋಡಿ, ಮಾರ್ಚಿನ ವಾರ್ಷಿಕ ಪರೀಕ್ಷೆಯಲ್ಲಿ ಯಾರಿಗೆ ಎಷ್ಟು ಬರುತ್ತದೆಂದು ಮುಂಚಿತವಾಗಿ ಹೇಳಬಹುದೇ? ಹೇಳಬಹುದು, ಅದಕ್ಕೊಂದು ನೇರ ಗೆರೆ ಸಾಕು ಎಂದು ಅವರು ನಂಬಿದ್ದರು.

ಒಂದು ದಿನ ಬಾವಾರ ಹೋಟೆಲಿನಲ್ಲಿ ಗ್ರಾಫ್ ಕಾಗದ ಬಿಡಿಸಿ ಕೂತಿದ್ದಾಗ ಡ್ರಾಯಿಂಗ್ ಮಾಸ್ತರು ಶೀನಪ್ಪ ಬಂದು ಇಣುಕಿದರು. ಶೀನಪ್ಪನವರ ಬಾಯಿಗೆ ಬೀಗ ಇಲ್ಲವೆಂದು ಊರಿಗೆಲ್ಲ ಗೊತ್ತು.

"ಇದೆಂತದು ಮಾರಾಯ್ರೆ, ಕಾಗದಕ್ಕೆ ನೊಣ ಕೂತ ಹಾಗೆ?"

"ಹೋದ ವರ್ಷದ ಮಕ್ಕಳು. ಒಂದು ಚುಕ್ಕಿ ಅಂದ್ರೆ ಒಂದು ಮಗು. ಅಡ್ಡಕ್ಕೆ ಬುದ್ಧಿಪರೀಕ್ಷೆಯ ಅಂಕ, ಮೇಲಕ್ಕೆ ವಾರ್ಷಿಕದ ಅಂಕ. ಎಲ್ಲ ಚುಕ್ಕಿಗಳಿಗೂ ಆದಷ್ಟು ಹತ್ತಿರ ಆಗುವ ಹಾಗೆ ನಡುವೆ ಒಂದು ಗೆರೆ. ಬುದ್ಧಿಪರೀಕ್ಷೆಯಲ್ಲಿ ಒಂದು ಅಂಕ ಏರಿದ್ರೆ ವಾರ್ಷಿಕದಲ್ಲಿ ಸುಮಾರು ಒಂದೂವರೆ ಏರ್ತದೆ. ಇನ್ನು ಈ ವರ್ಷದ ಮಕ್ಕಳ ಅಂಕ ಹಿಡಿದು ಗೆರೆಗೆ ತಾಗಿಸಿದ್ರೆ ಆಯ್ತು, ಮಾರ್ಚಿನ ಅಂದಾಜು ಸಿಕ್ತದೆ."

"ಹಾಗಾದ್ರೆ ನಮ್ಮ ಬೆಳುವಾಯಿಯ ಪ್ರೇಮಾವತಿಗೆ ಎಷ್ಟು? ಚಿತ್ರ ಬಾರೀ ಚಂದ ಬಿಡಿಸ್ತಾಳೆ."

ಧರ್ಣಪ್ಪ ಅಡಿಕೋಲು ಇಟ್ಟು ನೋಡಿದರು. "ಇಪ್ಪತ್ತೆಂಟು. ಪಾಸಿಗೆ ಮೂವತ್ತೈದು ಬೇಕು. ಆದ್ರೆ ದೋಷ ಉಂಟು."

"ದೋಷವಾ?"

"ಹೌದು, ಹತ್ತರಷ್ಟು. ಮೇಲೂ ಹೋಗಬಹುದು, ಕೆಳಗೂ ಹೋಗಬಹುದು."

ಗೆರೆ ಹೇಳಿದ ಅಂಕಕ್ಕೂ ನಿಜವಾಗಿ ಬರುವ ಅಂಕಕ್ಕೂ ನಡುವಿನ ವ್ಯತ್ಯಾಸಕ್ಕೆ ಪುಸ್ತಕದ ಭಾಷೆಯಲ್ಲಿ ದೋಷ ಅನ್ನುತ್ತಾರೆ. ಗೋಳಿಬಜೆ ಜಗಿಯುತ್ತಿದ್ದ ಶೀನಪ್ಪನವರ ಕಿವಿಗೆ ಅರ್ಧ ಹೋಯಿತು, ಬಾಯಿಂದ ಒಂದೂವರೆ ಪಾಲು ಹೊರಬಂತು. ಸಂಜೆಯ ಬಸ್ಸಿನಲ್ಲೇ ಸುದ್ದಿ ಬೆಳುವಾಯಿ ಮುಟ್ಟಿತು: ಧರ್ಣಪ್ಪ ಮಾಸ್ಟ್ರು ಬಲ್ಮೆ ನೋಡಿದರಂತೆ, ಪ್ರೇಮಾವತಿಗೆ ದೋಷ ಉಂಟಂತೆ, ಒಂದಲ್ಲ, ಹತ್ತು ದೋಷ! ತುಳುವರ ಊರಿನಲ್ಲಿ ಬಲ್ಮೆ ಎಂದರೆ ಕವಡೆ ಹಾಕಿ ಪ್ರಶ್ನೆ ನೋಡುವುದು. ಇನ್ನು ಕೇಳಬೇಕೆ?

ಮರುದಿನ ಪ್ರೇಮಾವತಿಯ ತಾಯಿ ಸೇಸಮ್ಮ ಮಾಸ್ತರ ಮನೆ ಜಗಲಿಯಲ್ಲಿ ಹಾಜರು. ಬೀಡಿ ಕಟ್ಟಿ ಸಂಸಾರ ನಡೆಸುವ ಹೆಂಗಸು. ತೆಂಗಿನಕಾಯಿ, ವೀಳ್ಯದೆಲೆ ಎದುರಿಗಿಟ್ಟು ಕೈಮುಗಿದಳು.

"ಪರಿಹಾರ ಎಂತ ಮಾಡ್ಬೇಕು ಮಾಸ್ಟ್ರೆ? ನಾಗನಿಗೆ ತಂಬಿಲದ ಪೂಜೆಯಾ, ಭೂತಕ್ಕೆ ಹರಕೆಯಾ?"

ಧರ್ಣಪ್ಪ ಹಣೆ ಹಣೆ ಚಚ್ಚಿಕೊಂಡರು. "ಅಯ್ಯೋ ಸೇಸಮ್ಮ, ಅದು ಆ ದೋಷ ಅಲ್ಲ. ಲೆಕ್ಕದ ದೋಷ."

"ಓ, ಲೆಕ್ಕದ್ದಾ? ಹಾಗಾದ್ರೆ ನಿಮ್ಮ ಕೈಯಲ್ಲೇ ಉಂಟಲ್ಲ. ದೋಷ ಉಂಟು ಅಂತ ಹೇಳಿ ಪರಿಹಾರ ಹೇಳದೆ ಯಾರಾದ್ರೂ ಕಳಿಸ್ತಾರಾ? ಇಲ್ಲ ಅಂತಾದ್ರೆ ಹೇಳಿಬಿಡಿ, ನಾಳೆಯೇ ಅವಳ ಮಡಿಲಿಗೆ ಬೀಡಿ ಕಟ್ಟುವ ಮೊರ, ತಡ್ಪೆ, ಕೊಡ್ತೇನೆ. ಪಾಸಾಗದ ಹುಡುಗಿಗೆ ಶಾಲೆ ಎಂತಕ್ಕೆ?"

ಮೈಸೂರಿನ ಪ್ರೊಫೆಸರು ಮಾಸ್ತರಿಗೆ ಒಂದು ಮಾತನ್ನು ಒತ್ತಿ ಒತ್ತಿ ಹೇಳಿದ್ದರು: ಅಂದಾಜು ಬರೆದಿಟ್ಟು ಸುಮ್ಮನೆ ಕಾಯಬೇಕು, ನಡುವೆ ಕೈ ಹಾಕಿದರೆ ಸಂಶೋಧನೆ ಕೆಟ್ಟಿತು. ಡಿಗ್ರಿ ಸಿಕ್ಕಿದರೆ ಹೈಸ್ಕೂಲು ನೌಕರಿ. ಇತ್ತ ಹುಡುಗಿ ಬಾಗಿಲ ಮರೆಯಲ್ಲಿ ನಿಂತು ಲಂಗದ ಅಂಚು ತಿರುಚುತ್ತಿದ್ದಳು. ಮಾಸ್ತರು ಅಡಿಕೋಲು ಪಕ್ಕಕ್ಕಿಟ್ಟರು.

"ಸಂಜೆ ಶಾಲೆ ಬಿಟ್ಟ ಮೇಲೆ ಇಲ್ಲಿಗೆ ಕಳುಹಿಸು. ಅದೇ ಪರಿಹಾರ," ಎಂದರು.

ಎಂಥ ಸಂಜೆಗಳವು! ಮಾಸ್ತರ ಹೆಂಡತಿ ಕಾವೇರಮ್ಮ ಅವಲಕ್ಕಿಗೆ ಬೆಲ್ಲ ಕಲಸಿ ಕೊಡುತ್ತಿದ್ದರು. ಹುಡುಗಿ ಜಗಲಿಯ ನೆಲದ ಮೇಲೆಯೇ ಸೀಮೆಸುಣ್ಣದಲ್ಲಿ ಲೆಕ್ಕ ಮಾಡುತ್ತಿದ್ದಳು. ಭಿನ್ನರಾಶಿ ಅಂದರೆ ಹೆದರುತ್ತಿದ್ದವಳಿಗೆ ಮಾಸ್ತರು ಬೀಡಿಯ ಕಟ್ಟು ಹಿಡಿದು ಕೇಳಿದರು: "ಅಮ್ಮ ಕಟ್ಟಿದ್ದರಲ್ಲಿ ಐದನೇ ಒಂದು ಪಾಲು ರಿಜೆಕ್ಟ್ ಆದ್ರೆ ಉಳಿದದ್ದೆಷ್ಟು?" ಅವಳು ರೆಪ್ಪೆ ಮುಚ್ಚುವ ಮೊದಲು ಹೇಳಿದಳು. ಪ್ರಶ್ನೆ ಪುಸ್ತಕದ ಕನ್ನಡದಲ್ಲಿದ್ದರೆ ಮಾತ್ರ ತಡವರಿಸುತ್ತಿದ್ದಳು. ಮನೆಯಲ್ಲಿ ತುಳು ಬಿಟ್ಟು ಬೇರೆ ಮಾತು ಕೇಳಿದವಳಲ್ಲ. ಜೂನ್ ತಿಂಗಳ ಬುದ್ಧಿಪರೀಕ್ಷೆ ಅಳೆದದ್ದು ಬುದ್ಧಿಯನ್ನೋ ಕನ್ನಡವನ್ನೋ ಎಂದು ಮಾಸ್ತರಿಗೆ ಅನುಮಾನ ಹತ್ತಿತು.

ಮಾರ್ಚಿ ಬಂತು, ಪರೀಕ್ಷೆ ಮುಗಿಯಿತು. ಪ್ರೇಮಾವತಿಗೆ ನಲವತ್ತೇಳು! ಸೇಸಮ್ಮ ಈ ಸಲ ಎರಡು ತೆಂಗಿನಕಾಯಿ ತಂದಳು, ಬೀಡಿ ತಡ್ಪೆ ತಾಯಿಯ ಮಡಿಲಲ್ಲೇ ಉಳಿಯಿತು, ಮಗಳ ಮಡಿಲಿಗೆ ಬರಲಿಲ್ಲ. ಮಾಸ್ತರು ಖುಷಿಯಲ್ಲಿ ಹೊಸ ಚುಕ್ಕಿಗಳನ್ನು ಇಟ್ಟುಕೊಂಡು ಮೈಸೂರಿಗೆ ಹೊರಟರು.

ಪ್ರೊಫೆಸರು ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು. "ಈ ಒಂದು ಚುಕ್ಕಿ ಯಾಕೆ ಇಷ್ಟು ಮೇಲೆ ಹಾರಿದೆ?"

"ಆ ಹುಡುಗಿಗೆ ನಾನೇ ಸಂಜೆ ಮನೆಯಲ್ಲಿ ಬೇರೆ ಪಾಠ ಹೇಳಿದೆ ಸಾರ್."

"ಹಾಗಾದರೆ ತೆಗೆದುಹಾಕಿ, ಅದು ಲೆಕ್ಕಕ್ಕಿಲ್ಲ. ಉಳಿದವು ನೋಡಿ, ಎಷ್ಟು ಚೆನ್ನಾಗಿ ಗೆರೆಯ ಪಕ್ಕ ಕೂತಿವೆ! ಕೆಳಗಿನ ಈ ಐವರು ಫೇಲಾಗುತ್ತಾರೆ ಅಂತ ಬರೆದಿದ್ದಿರಿ, ಐವರೂ ಫೇಲ್. ಶಹಬ್ಬಾಸ್ ಧರ್ಣಪ್ಪ!"

ಮಾಸ್ತರಿಗೆ ಮೊದಲು ಎದೆ ಉಬ್ಬಿತು. ವಾಪಸು ಬರುವಾಗ ಬಸ್ಸಿನಲ್ಲಿ ಕಾಗದ ತೆರೆದು ಆ ಐದು ಚುಕ್ಕಿಗಳ ಮೇಲೆ ಬೆರಳಿಟ್ಟರು. ಒಂದು ಹುಕ್ರಪ್ಪ, ಆಗಲೇ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊರುತ್ತಿದ್ದ. ಇನ್ನೊಂದು ಅಮ್ಮಣಿ, ಯಾರದೋ ಮನೆಯಲ್ಲಿ ಮಗು ಆಡಿಸುತ್ತಿದ್ದಳು. ಇವರೆಲ್ಲ ಫೇಲಾಗುತ್ತಾರೆಂದು ಒಂಬತ್ತು ತಿಂಗಳು ಮೊದಲೇ ತಿಳಿದಿತ್ತು. ಇವರ ತಾಯಂದಿರು ತೆಂಗಿನಕಾಯಿ ಹಿಡಿದುಕೊಂಡು ಪರಿಹಾರ ಕೇಳಲು ಬರಲಿಲ್ಲ, ಅದಕ್ಕೇ ಗೆರೆ ಸರಿಯಾಯಿತು. ಧರ್ಣಪ್ಪ ಕಿಟಕಿಯ ಕಡೆಗೆ ಮುಖ ತಿರುಗಿಸಿ ಅತ್ತರು.

ಡಿಗ್ರಿ ಸಿಕ್ಕಿತು. ಹೈಸ್ಕೂಲಿನಿಂದ ಕರೆಯೂ ಬಂತು, ಅವರು ಹೋಗಲಿಲ್ಲ. ಆಮೇಲೆ ಎಷ್ಟೋ ವರ್ಷ ಅವರ ಜಗಲಿ ಸಂಜೆ ಹೊತ್ತು ಮಕ್ಕಳಿಂದ ಗಿಜಿಗುಡುತ್ತಿತ್ತು. ಪ್ರತಿ ಜೂನಿನಲ್ಲೂ ಗೆರೆ ಎಳೆಯುತ್ತಿದ್ದರು, ಕೆಳಗೆ ಬಿದ್ದ ಮಕ್ಕಳ ಮನೆಗೆ ತಾವೇ ಕೊಡೆ ಹಿಡಿದು ಹೋಗುತ್ತಿದ್ದರು. "ನಿಮ್ಮ ಮಗುವಿಗೆ ದೋಷ ಉಂಟು, ಪರಿಹಾರವೂ ಉಂಟು," ಅನ್ನುತ್ತಿದ್ದರು. ಮಾರ್ಚಿ ಬಂದಾಗ ಅವರ ಅಂದಾಜೆಲ್ಲ ತಲೆಕೆಳಗು. "ಎಂತ ಮಾಸ್ಟ್ರೆ, ನಿಮ್ಮ ಗೆರೆ ಈ ವರ್ಷವೂ ಸುಳ್ಳಾಯ್ತಲ್ಲ!" ಎಂದು ಶೀನಪ್ಪ ಛೇಡಿಸಿದರೆ ಬಾಯ್ತುಂಬಾ ನಗುತ್ತಿದ್ದರು.

ಆದರೆ ಆ ಸಲ ಮೈಸೂರಿನಿಂದ ಬಂದ ಮರುದಿನ ಅವರು ಮೊಟ್ಟಮೊದಲು ಹೋದದ್ದು ಹುಕ್ರಪ್ಪನ ಮನೆಗೆ. ಅಂಗಳದಲ್ಲಿ ನಿಂತುಕೊಂಡೇ ಗೆರೆಯ ವಿಷಯ, ಸಂಜೆಯ ಪಾಠದ ವಿಷಯ ಎಲ್ಲ ಹೇಳಿದರು. ಹುಡುಗನ ತಾಯಿ ಕೇಳಿದಳು:

"ಅವನಿಗೆ ದೋಷ ಇದ್ದದ್ದು ನಿಮಗೆ ಹೋದ ವರ್ಷವೇ ಗೊತ್ತಿತ್ತಾ ಮಾಸ್ಟ್ರೆ?"

"ಗೊತ್ತಿತ್ತು."

ಅವಳು ಒಳಗೆ ಹೋಗಿ ಬೆಲ್ಲ, ನೀರು ತಂದು ಕೊಟ್ಟಳು.

"ಇವತ್ತೇ ಕಳಿಸ್ಲಾ?" ಎಂದಳು.