ಒಗೆಯಲು ಐವರು, ಮಡಚಲು ಒಬ್ಬ

"ಅಕ್ಕಾ, ಬ್ಯಾಂಡ್ ಬಿಟ್ಟ ದಿನಾನೇ ಆ ಗಾಯಕನ ಕತೆ ಮುಗೀತು. ಈಗ ಹಾಡ್ತಾನೋ, ಹಲ್ಲುನೋವಿಗೆ ನರಳ್ತಾನೋ!" ಇಸ್ತ್ರಿ ಮಾಡುವವರು ಉಗಿಯ ಮರೆಯಿಂದಲೇ ಕೆಣಕುತ್ತಾರೆ.

"ನಿಂಗೇನಪ್ಪ ಗೊತ್ತು? ಒಲೆ ಬೇರೆ ಆಯ್ತು ಅಂತ ಕೈರುಚಿ ಎಲ್ಲಿಗೆ ಹೋಗುತ್ತೆ?" ತೊಯ್ದ ಹಾಸುಬಟ್ಟೆಯನ್ನು ಯಂತ್ರದಿಂದ ಎಳೆಯುತ್ತಲೇ ಅಕ್ಕನ ತಿರುಗೇಟು.

ಬೆಳಗಿನ ಐದೂವರೆ. ದೊಡ್ಡ ಆಸ್ಪತ್ರೆಯೊಂದರ ನೆಲಮಾಳಿಗೆಯ ಲಾಂಡ್ರಿ. ಮೇಲಿನ ಮಂಚಗಳಲ್ಲಿ ಮಲಗಿದವರಿಗೆ ಈಕೆಯ ಮುಖ ಗೊತ್ತಿಲ್ಲ. ಮೈಕೆಳಗಿನ ಹಾಸು ಮಾತ್ರ ಈಕೆ ಒಗೆದದ್ದು. ದಿನಕ್ಕೆ ನಾನೂರು ಹಾಸು. ಇಪ್ಪತ್ತೆರಡು ವರ್ಷ ನಿಂತೇ ದುಡಿದು ಕಾಲಿನ ನರಗಳು ಹಗ್ಗದ ಹಾಗೆ ಉಬ್ಬಿವೆ.

ಸೋಪಿನ ಡಬ್ಬದ ಮೇಲೊಂದು ಹಳೆಯ ಟೇಪ್ ರೆಕಾರ್ಡರ್. ಒಂದು ಬದಿ ಮುಗಿದರೆ ತಾನೇ ಇನ್ನೊಂದಕ್ಕೆ ಹೊರಳುತ್ತದೆ. ಇರುವುದು ಒಂದೇ ಕ್ಯಾಸೆಟ್ಟು, ತಂಗಿ ತುಂಬಿಸಿಕೊಟ್ಟದ್ದು. ಒಂದು ಬದಿಯಲ್ಲಿ ಐವರ ರಾಕ್ ಬ್ಯಾಂಡು. ಇನ್ನೊಂದರಲ್ಲಿ, ಆ ಬ್ಯಾಂಡಿನಿಂದ ಹೊರಬಿದ್ದ ಗಾಯಕ ಒಬ್ಬನೇ ಗಿಟಾರ್ ಹಿಡಿದು ಹಾಡಿದ್ದು. ಆತನಿಗೆ ಅಕ್ಕ ಇಟ್ಟ ಹೆಸರು ಜೋಲುಮೋರೆ.

ಯಂತ್ರದ ಗಡಿಯಾರ ಕೆಟ್ಟು ವರ್ಷವಾಯಿತು. ಬಟ್ಟೆ ಬ್ಲೀಚ್ ನೀರಲ್ಲಿ ನೆನೆಯಬೇಕಾದ್ದು ಹದಿನೈದು ನಿಮಿಷ, ಅಂದರೆ ಬ್ಯಾಂಡಿನ ನಾಲ್ಕು ಹಾಡು. ಹೋದ ವಾರ ಅಕ್ಕ ನಿಂತಲ್ಲೇ ತೂಕಡಿಸಿದರು, ಕ್ಯಾಸೆಟ್ಟು ಹೊರಳಿತು. ಅರೆನಿದ್ದೆಯಲ್ಲೇ ನಾಲ್ಕು ಹಾಡು ಎಣಿಸಿದರು. ಜೋಲುಮೋರೆಯ ಒಂದೊಂದು ಹಾಡೂ ಒಂಬತ್ತು ನಿಮಿಷ! ಬ್ಲೀಚಿನಲ್ಲಿ ಅಷ್ಟು ಹೊತ್ತು ನೆನೆದ ಮೂವತ್ತು ಹಾಸುಗಳು ಹಿಡಿದಲ್ಲೇ ಹರಿದು ಬಂದವು.

"ಬ್ಯಾಂಡ್ ಇರ್ಲಿ, ಜೋಲುಮೋರೆ ಬೇಡ. ಇನ್ನೊಂದ್ಸಲ ಅವನ ದನಿ ಕೇಳಿದ್ರೆ ಟೇಪೇ ಹೊರಗೆ," ಎಂದಿದ್ದಾರೆ ಮೇಲ್ವಿಚಾರಕರು. ಇವತ್ತು ಪೆನ್ನು ಹಿಡಿದು ಎದುರಿಗೇ ಬಂದು ನಿಂತಿದ್ದಾರೆ.

"ನೆನೆ ಹಾಕೋವಾಗ ಕೈಗಡಿಯಾರ ನೋಡ್ಕೋತೀನಿ ಸಾರ್," ಅಕ್ಕ ಕೇಳಿಕೊಳ್ಳುತ್ತಾರೆ. "ಒಗೆಯೋಕೆ ಆ ಐದು ಜನ ಬೇಕು, ಇಲ್ದಿದ್ರೆ ಕೈಯೇ ಏಳಲ್ಲ. ಮಡಚೋಕೆ ಇವನು ಬೇಕು. ಆಗ ನಾನೂ ಒಬ್ಳೇ ಅಲ್ವಾ?"

ಮಾತು ನಿಜ. ಹಾಸಿನ ಇನ್ನೊಂದು ತುದಿ ಹಿಡಿಯುತ್ತಿದ್ದ ಜೊತೆಗಾರ್ತಿ ನಿವೃತ್ತರಾದ ಮೇಲೆ ಆ ಜಾಗಕ್ಕೆ ಯಾರೂ ಬಂದಿಲ್ಲ. ಗೋಡೆಗೆ ಹೊಡೆದ ಎರಡು ಕೊಕ್ಕೆಗಳೇ ಈಗ ಜೊತೆಗಾರ್ತಿ. ಅವಕ್ಕೆ ಎರಡು ಮೂಲೆ ಸಿಕ್ಕಿಸಿ, ಹಿಂದೆ ಸರಿದು, ಎಳೆದು, ಮತ್ತೆ ಮುಂದೆ ನಡೆದು ಮಡಚಬೇಕು. ನಾನೂರು ಸಲ.

ಅಕ್ಕ ಒಣಗಿದ ಹಾಸೊಂದನ್ನು ಕೊಕ್ಕೆಗೆ ಸಿಕ್ಕಿಸುವಾಗಲೇ ಟಕ್ ಎಂದು ಕ್ಯಾಸೆಟ್ಟು ಹೊರಳುತ್ತದೆ. ಒಂಟಿ ಗಿಟಾರು, ಆಮೇಲೆ ಒರಟು ದನಿ. ಇಸ್ತ್ರಿಯವರ ಕೈ ಅಲ್ಲೇ ನಿಲ್ಲುತ್ತದೆ. ಟೇಪ್ ಬಂದ್ ಮಾಡಲು ಹೋದ ಮೇಲ್ವಿಚಾರಕರು ಅರ್ಧಕ್ಕೇ ನಿಂತು ಕಿವಿಗೊಡುತ್ತಾರೆ.

"ಇವನೂ ನಿಮ್ಮ ಹಾಗೇ ಸುಸ್ತಾಗಿದ್ದಾನಲ್ಲಮ್ಮ."

"ಸುಸ್ತಾದ್ರೂ ಬಿಟ್ಟಿಲ್ಲ ನೋಡಿ ಸಾರ್."

ಮೇಲ್ವಿಚಾರಕರು ಪೆನ್ನು ಜೇಬಿಗಿಳಿಸಿ ಗೋಡೆಯ ಹತ್ತಿರ ಹೋಗುತ್ತಾರೆ. ಕೊಕ್ಕೆಯಿಂದ ಹಾಸು ಬಿಡಿಸಿ, ಆ ಎರಡು ಮೂಲೆ ತಾವೇ ಹಿಡಿದು ನಿಲ್ಲುತ್ತಾರೆ.